ನಿಶ್ಶಬ್ದ ವಲಯದ ಒಳಗಿನ ಸದ್ದು

ಆಸ್ಪತ್ರೆಯ ಸುತ್ತಲಿನ ಕನಿಷ್ಠ ನೂರು ಮೀಟರ್ ಪ್ರದೇಶವನ್ನು ನಿಶ್ಶಬ್ದ ವಲಯವೆಂದು ಘೋಷಿಸಲು ಅವಕಾಶ ಕೊಟ್ಟು, ಅಂಥ ವಲಯದಲ್ಲಿ ಸದ್ದಿನ ಮಟ್ಟ ಹಗಲು 50 ಡೆಸಿಬೆಲ್, ರಾತ್ರಿ 40 ಡೆಸಿಬೆಲ್ ಮೀರಬಾರದೆಂದು 2000ನೇ ಇಸವಿಯ ಶಬ್ದಮಾಲಿನ್ಯ ನಿಯಂತ್ರಣ ನಿಯಮಗಳು ವಿಧಿಸಿವೆ. ಬೆಳಿಗ್ಗೆ ಆರರಿಂದ ರಾತ್ರಿ ಹತ್ತರವರೆಗಿನ ಅವಧಿಯನ್ನು ಹಗಲೆಂದೂ ಉಳಿದುದನ್ನು ರಾತ್ರಿಯೆಂದೂ ಈ ನಿಯಮಗಳು ಎಣಿಸುತ್ತವೆ. 2017ರ ತಿದ್ದುಪಡಿಯ ನಂತರ ರಾಜ್ಯ ಸರ್ಕಾರ ನಿರ್ದಿಷ್ಟವಾಗಿ ಅಧಿಸೂಚನೆ ಹೊರಡಿಸದ ಹೊರತು ಯಾವ ಪ್ರದೇಶವೂ ತಾನಾಗಿಯೇ ನಿಶ್ಶಬ್ದ ವಲಯ ಎನಿಸುವುದಿಲ್ಲ. ಹೀಗಾಗಿ ಆಸ್ಪತ್ರೆಯ ಗೇಟಿನ ಬಳಿ ಹಾರನ್ ಚಿತ್ರದ ಮೇಲೆ ಅಡ್ಡಗೆರೆ ಎಳೆದ ಫಲಕವಿದ್ದ ಮಾತ್ರಕ್ಕೆ ಕಾನೂನಿನ ಪೂರ್ಣ ಬಲ ಅದಕ್ಕೆ ಇದೆಯೆಂದು ಹೇಳಲಾಗದು. ಇದಕ್ಕಿಂತ ಮುಖ್ಯವಾದ ಮಿತಿ ಇನ್ನೊಂದಿದೆ. ಈ ನಿಯಮಗಳು ಅಳೆಯುವುದು ಬಯಲಿನ ಸದ್ದನ್ನು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2011ರಲ್ಲಿ ಬೆಂಗಳೂರೂ ಸೇರಿದಂತೆ ಏಳು ಮಹಾನಗರಗಳಲ್ಲಿ ಆರಂಭಿಸಿದ ಶಬ್ದಮಾಪನ ಜಾಲದ ಉಪಕರಣಗಳು ನಿಂತಿರುವುದೂ ಬಯಲಿನಲ್ಲಿಯೇ. ಫಲಕದ ಆಚೆ, ಮೂರು ಬಾಗಿಲು ದಾಟಿ, ತೀವ್ರ ನಿಗಾ ಘಟಕದ ಹಾಸಿಗೆಯ ಮೇಲೆ ಮಲಗಿರುವ ರೋಗಿಯ ಕಿವಿಗೆ ಬೀಳುವ ಸದ್ದು ಎಷ್ಟೆಂಬುದನ್ನು ಆ ಜಾಲ ಕೇಳುವುದಿಲ್ಲ.

ಡೆಸಿಬೆಲ್ ಎಂಬ ಮಾನ ಮೀಟರು, ಕಿಲೋಗ್ರಾಮುಗಳಂತೆ ನೇರವಾಗಿ ಏರುವುದಿಲ್ಲವಾದ್ದರಿಂದ ಅದನ್ನು ಇಲ್ಲಿಯೇ ಸ್ಪಷ್ಟಪಡಿಸಿಕೊಳ್ಳುವುದು ಒಳ್ಳೆಯದು. ಹತ್ತು ಡೆಸಿಬೆಲ್ ಹೆಚ್ಚಿದರೆ ಶಬ್ದದ ಶಕ್ತಿ ಹತ್ತು ಪಟ್ಟಾಗುತ್ತದೆ, ಕಿವಿಗೆ ಅದು ಸುಮಾರು ಎರಡು ಪಟ್ಟು ಜೋರಾಗಿ ಕೇಳುತ್ತದೆ. ಒಂದೇ ಬಲದ ಎರಡು ಯಂತ್ರಗಳು ಒಟ್ಟಿಗೆ ಸದ್ದು ಮಾಡಿದರೆ ಅಳತೆ ಕೇವಲ ಮೂರು ಡೆಸಿಬೆಲ್ ಏರುತ್ತದೆ. ರಾತ್ರಿಯ ಶಾಂತ ಮಲಗುವ ಕೋಣೆಯಲ್ಲಿ 30, ಒಂದು ಮೀಟರ್ ದೂರದಲ್ಲಿ ಕುಳಿತವರ ಸಹಜ ಮಾತಿನಲ್ಲಿ 60, ವಾಹನ ದಟ್ಟಣೆಯ ರಸ್ತೆಯ ಅಂಚಿನಲ್ಲಿ 70ರಿಂದ 80 ಡೆಸಿಬೆಲ್ ಇರುತ್ತದೆ. ಆಸ್ಪತ್ರೆಯ ವಾರ್ಡಿನ ಒಳಗೆ ರಾತ್ರಿಯ ಸರಾಸರಿ ಮಟ್ಟ 30 ಡೆಸಿಬೆಲ್‌ನಷ್ಟಿರಬೇಕು, ಆಗೊಮ್ಮೆ ಈಗೊಮ್ಮೆ ಏಳುವ ಸದ್ದೂ 40 ಮೀರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲಿ ಕೊಟ್ಟ ಸಲಹೆ. ಈ ಸಲಹೆಯನ್ನು ನಿಜವಾಗಿ ಪಾಲಿಸುವ ತೀವ್ರ ನಿಗಾ ಘಟಕ ಜಗತ್ತಿನಲ್ಲಿಯೇ ಅಪರೂಪ.

ಬೆಂಗಳೂರಿನ ದಂಡು ಪ್ರದೇಶ ಮತ್ತು ಅದರ ಪೂರ್ವದ ಬಡಾವಣೆಗಳಲ್ಲಿ ಆಸ್ಪತ್ರೆಗಳು ನಿಂತಿರುವ ಜಾಗಗಳನ್ನು ನೋಡಿದರೆ ತಪ್ಪೆಲ್ಲವೂ ರಸ್ತೆಯದೇ ಎಂದು ತೋರುವುದು ಸಹಜ. ಬೌರಿಂಗ್ ಮತ್ತು ಲೇಡಿ ಕರ್ಜನ್ ಆಸ್ಪತ್ರೆಯ ನೆರೆಯಲ್ಲಿಯೇ ಶಿವಾಜಿನಗರದ ಬಸ್ ನಿಲ್ದಾಣ ಮತ್ತು ಮಾರುಕಟ್ಟೆಯ ಬೀದಿಗಳಿವೆ. ಕಂಟೋನ್ಮೆಂಟಿನಿಂದ ಶಿವಾಜಿನಗರದ ಕಡೆಗೆ ಮೆಟ್ರೊ ಸುರಂಗ ಕೊರೆದ ಯಂತ್ರ 2021ರ ಸೆಪ್ಟೆಂಬರ್‌ನಲ್ಲಿ ಹೊರಬಂದದ್ದೂ ಈ ಭಾಗದಲ್ಲಿಯೇ. ಇಂದಿರಾನಗರದಲ್ಲಿ ಚಿನ್ಮಯ ಮಿಷನ್ ಆಸ್ಪತ್ರೆಯ ಹೆಸರನ್ನೇ ಹೊತ್ತ ಸಿಎಂಎಚ್ ರಸ್ತೆಯ ನೆತ್ತಿಯ ಮೇಲೆ 2011ರ ಅಕ್ಟೋಬರ್ 20ರಿಂದ ನಮ್ಮ ಮೆಟ್ರೊ ಓಡುತ್ತಿದೆ. ಹಳೆಯ ವಿಮಾನ ನಿಲ್ದಾಣ ರಸ್ತೆಯ ಆಸ್ಪತ್ರೆಗಳಿಗೆ 2008ರ ಮೇ ತಿಂಗಳವರೆಗೆ ಪ್ರಯಾಣಿಕ ವಿಮಾನಗಳ ಸದ್ದೂ ಇತ್ತು. ದೇವನಹಳ್ಳಿಯ ನಿಲ್ದಾಣ ಆರಂಭವಾದ ಮೇಲೆ ಅದು ನಿಂತರೂ ಎಚ್‌ಎಎಲ್ ಓಡುಪಟ್ಟಿಯಿಂದ ಏಳುವ ಯುದ್ಧ ವಿಮಾನಗಳ ಗರ್ಜನೆ ಇನ್ನೂ ಇದೆ. ಹಲಸೂರಿನಿಂದ ಕೆ.ಆರ್. ಪುರದವರೆಗಿನ ಹಳೆ ಮದ್ರಾಸ್ ರಸ್ತೆಯ ಬಗ್ಗೆ ಹೇಳಬೇಕಾದುದೇ ಇಲ್ಲ.

ಆದರೆ ರಸ್ತೆಯ ಸದ್ದು ಹಾಸಿಗೆಯನ್ನು ತಲುಪುವ ಹೊತ್ತಿಗೆ ಬಹಳಷ್ಟು ಸೊರಗಿರುತ್ತದೆ. ಅರೆತೆರೆದ ಕಿಟಕಿ ಹತ್ತರಿಂದ ಹದಿನೈದು ಡೆಸಿಬೆಲ್‌ಗಳನ್ನೂ ಸರಿಯಾಗಿ ಮುಚ್ಚಿದ ಗಾಜಿನ ಕಿಟಕಿ ಇಪ್ಪತ್ತಕ್ಕೂ ಹೆಚ್ಚನ್ನೂ ತಡೆಯಬಲ್ಲದು. ಹವಾನಿಯಂತ್ರಿತವಾದ ತೀವ್ರ ನಿಗಾ ಘಟಕಕ್ಕೆ ತೆರೆಯುವ ಕಿಟಕಿಯೇ ಇರುವುದಿಲ್ಲ. ಎಷ್ಟೋ ಕಡೆ ಅದು ಕಟ್ಟಡದ ನಡುಭಾಗದಲ್ಲಿರುತ್ತದೆ. ಅಲ್ಲಿ ರೋಗಿಯ ನಿದ್ದೆ ಕೆಡಿಸುವ ಸದ್ದು ಬಹುಪಾಲು ಅಲ್ಲಿಯೇ ಹುಟ್ಟಿದ್ದು. ನಗರದ ಶಬ್ದಮಾಲಿನ್ಯದ ಚರ್ಚೆ ಆಸ್ಪತ್ರೆಯ ಗೋಡೆಯ ಹೊರಗೇ ನಿಂತುಬಿಡುವುದರಿಂದ ಈ ಸಂಗತಿ ಕಣ್ಣಿಗೆ ಬೀಳದೆ ಉಳಿದಿದೆ, ಮತ್ತು ಹೊರಗಿನ ಸದ್ದಿಗೆ ಹೋಲಿಸಿದರೆ ಒಳಗಿನ ಸದ್ದನ್ನು ತಗ್ಗಿಸುವುದು ಎಷ್ಟೋ ಸುಲಭವಾದ್ದರಿಂದ ಈ ಮರೆವು ದುಬಾರಿಯೂ ಆಗಿದೆ.

ಇದರ ಹಿಂದೆ ಕಟ್ಟಡಗಳ ಇತಿಹಾಸವೊಂದಿದೆ. ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಹೆಸರಿನ ಆಸ್ಪತ್ರೆ 1868ರಲ್ಲಿ ಆರಂಭವಾದಾಗ ಅದರ ವಿನ್ಯಾಸಕ್ಕೆ ಪ್ಯಾರಿಸ್ಸಿನ ಲಾರಿಬ್ವಾಸಿಯೇರ್ ಆಸ್ಪತ್ರೆ ಮಾದರಿಯಾಗಿತ್ತೆಂದು ಹಳೆಯ ಗೆಜೆಟಿಯರ್ ಹೇಳುತ್ತದೆ. ಉದ್ದನೆಯ ವಾರ್ಡುಗಳನ್ನು ಒಂದಕ್ಕೊಂದು ದೂರವಾಗಿ ನಿಲ್ಲಿಸಿ, ಎರಡೂ ಬದಿಗೆ ಎತ್ತರದ ಕಿಟಕಿಗಳನ್ನಿಟ್ಟು, ಗಾಳಿ ಅಡ್ಡಹಾಯುವಂತೆ ಮಾಡುವುದು ಆ ಮಾದರಿಯ ಮರ್ಮ. ಫ್ಲಾರೆನ್ಸ್ ನೈಟಿಂಗೇಲ್ ಮೆಚ್ಚಿ ಬರೆದದ್ದೂ ಇದನ್ನೇ. ದಂಡು ಪ್ರದೇಶದ ಹದವಾದ ಹವೆಗೆ ಇಂಥ ಕಟ್ಟಡ ಹೇಳಿ ಮಾಡಿಸಿದಂತಿತ್ತು. ಶುಶ್ರೂಷೆಯ ಕುರಿತ ತನ್ನ ಪುಸ್ತಕದಲ್ಲಿ ನೈಟಿಂಗೇಲ್ ಗದ್ದಲಕ್ಕಾಗಿಯೇ ಒಂದು ಅಧ್ಯಾಯವನ್ನು ಮೀಸಲಿಟ್ಟಿದ್ದಳು. ಸದ್ದಿನ ಪ್ರಮಾಣಕ್ಕಿಂತ ಅದು ಹಠಾತ್ತಾಗಿ ಏಳುವುದು, ರೋಗಿಯಲ್ಲಿ ನಿರೀಕ್ಷೆಯನ್ನು ಹುಟ್ಟಿಸಿ ತಣಿಸದಿರುವುದು, ಬಾಗಿಲ ಬಳಿಯ ಪಿಸುಮಾತು, ಇವು ಹೆಚ್ಚು ಹಾನಿಕರವೆಂದು ಆಕೆ ಗುರುತಿಸಿದ್ದು ಇಂದಿನ ನಿದ್ರಾವಿಜ್ಞಾನಕ್ಕೂ ಒಪ್ಪಿಗೆಯಾಗುವ ಮಾತು. ಆದರೆ ಆಗಿನ ವಾರ್ಡಿನಲ್ಲಿ ಸದ್ದು ಮಾಡುವವರು ಮನುಷ್ಯರು ಮಾತ್ರ. 1952ರಲ್ಲಿ ಕೋಪನ್‌ಹೇಗನ್ ನಗರವನ್ನು ಪೋಲಿಯೊ ಆವರಿಸಿದಾಗ ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ತಜ್ಞರು ಉಸಿರಾಡಲಾಗದ ರೋಗಿಗಳ ಶ್ವಾಸನಾಳಕ್ಕೆ ಕೊಳವೆ ತೂರಿಸಿ, ಕೈಯಿಂದ ಒತ್ತುವ ಚೀಲದ ಮೂಲಕ ಗಾಳಿ ಊಡಿಸುವ ಕ್ರಮ ತಂದು, ಮರುವರ್ಷ ಅಂಥ ರೋಗಿಗಳಿಗೆಂದೇ ಪ್ರತ್ಯೇಕ ಘಟಕ ತೆರೆದರು. ತೀವ್ರ ನಿಗಾ ಘಟಕದ ಹುಟ್ಟು ಅದು. ಅಂದು ಕೈಗಳು ಮಾಡಿದ ಕೆಲಸವನ್ನು ಇಂದು ಯಂತ್ರಗಳು ಮಾಡುತ್ತವೆ, ಮತ್ತು ಪ್ರತಿಯೊಂದು ಯಂತ್ರಕ್ಕೂ ಒಂದು ದನಿಯಿದೆ.

ಒಂದು ಹಾಸಿಗೆಯ ಸುತ್ತ ಇರುವುದನ್ನು ಎಣಿಸಿದರೂ ಸಾಕು: ವೆಂಟಿಲೇಟರ್, ಹೃದಯ ಬಡಿತ, ರಕ್ತದೊತ್ತಡ, ಆಮ್ಲಜನಕವನ್ನು ತೋರಿಸುವ ಮಾನಿಟರ್, ಔಷಧವನ್ನು ಹನಿಹನಿಯಾಗಿ ತಳ್ಳುವ ಮೂರು ನಾಲ್ಕು ಸಿರಿಂಜ್ ಪಂಪುಗಳು, ಹುಣ್ಣಾಗದಂತೆ ತಡೆಯುವ ಗಾಳಿ ಹಾಸಿಗೆಯ ಮೋಟಾರು, ಕಫ ಹೀರುವ ಸಕ್ಷನ್, ಮೂಗಿಗೆ ಜೋರಾಗಿ ಆಮ್ಲಜನಕ ಹರಿಸುವ ನಳಿಕೆಯ ಎಡೆಬಿಡದ ಸುಯ್ಯೆಂಬ ಸದ್ದು. ಕೊರೊನಾದ ದಿನಗಳಲ್ಲಿ, ಬೌರಿಂಗ್ ಸೇರಿದಂತೆ ನಗರದ ದೊಡ್ಡ ಸರ್ಕಾರಿ ಆಸ್ಪತ್ರೆಗಳು ಕೊರೊನಾ ಚಿಕಿತ್ಸೆಗೆ ಮುಡಿಪಾಗಿದ್ದಾಗ, ಈ ನಳಿಕೆಗಳು ಸಾಲು ಸಾಲಾಗಿ ಮೊರೆಯುತ್ತಿದ್ದವು. ಮುಖಗವಸಿನ ಹಿಂದಿನಿಂದ ಮಾತಾಡುವ ಸಿಬ್ಬಂದಿ ದನಿ ಏರಿಸದೆ ಗತಿಯಿರಲಿಲ್ಲ. ಯಂತ್ರಗಳಿಗೆ ಸೇರುವುದು ಮನುಷ್ಯರ ಸದ್ದು: ಗ್ರಾನೈಟ್ ಕಟ್ಟೆಯ ಮೇಲೆ ಇಡುವ ಸ್ಟೀಲ್ ಟ್ರೇ, ಕಾಲಿನಿಂದ ಒತ್ತಿ ಬಿಡುವ ಕಸದ ಡಬ್ಬಿಯ ಮುಚ್ಚಳ, ಎಳೆಯುವ ಸ್ಟೂಲು, ಗಾಲಿಗೆ ಎಣ್ಣೆ ಕಾಣದ ಟ್ರಾಲಿ, ಪಾಳಿ ಬದಲಾಗುವಾಗಿನ ಹಸ್ತಾಂತರದ ಮಾತು, ಬಿಲ್ಲಿಂಗ್ ವಿಭಾಗದ ಫೋನು.

ಇಂಗ್ಲೆಂಡಿನ ಆಕ್ಸ್‌ಫರ್ಡ್ ಸುತ್ತಲಿನ ಐದು ತೀವ್ರ ನಿಗಾ ಘಟಕಗಳ ಸದ್ದನ್ನು ಅಳೆದು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸರಾಸರಿ ಮಟ್ಟ ಒಮ್ಮೆಯೂ 45 ಡೆಸಿಬೆಲ್‌ಗಿಂತ ಕೆಳಗಿಳಿದಿರಲಿಲ್ಲ. 85 ಡೆಸಿಬೆಲ್ ಮೀರಿದ ಸದ್ದು ರಾತ್ರಿಯ ಹೊತ್ತಿನಲ್ಲಿಯೂ ಕೆಲವೆಡೆ ಗಂಟೆಗೆ ಹದಿನಾರು ಬಾರಿ ಎದ್ದಿತ್ತು. ಅಂದರೆ ನಾಲ್ಕು ನಿಮಿಷಕ್ಕೊಮ್ಮೆ ಲಾರಿಯೊಂದು ತಲೆದಿಂಬಿನ ಪಕ್ಕ ಹಾದುಹೋದಂತೆ. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು 1960ರಿಂದ ಈಚೆಗೆ ಪ್ರಕಟವಾದ ಅಳತೆಗಳನ್ನೆಲ್ಲ ಒಂದೆಡೆ ಇಟ್ಟು 2005ರಲ್ಲಿ ತೋರಿಸಿದಂತೆ, ಆಸ್ಪತ್ರೆಗಳ ಹಗಲಿನ ಸದ್ದು 57ರಿಂದ 72 ಡೆಸಿಬೆಲ್‌ಗೂ ರಾತ್ರಿಯದು 42ರಿಂದ 60 ಡೆಸಿಬೆಲ್‌ಗೂ ಏರಿದೆ. ರಾತ್ರಿಯ ಏರಿಕೆ ಹಗಲಿನದಕ್ಕಿಂತ ಹೆಚ್ಚು ಎಂಬುದನ್ನು ಗಮನಿಸಬೇಕು. ಆಸ್ಪತ್ರೆಯಲ್ಲಿ ರಾತ್ರಿ ಎಂಬುದು ಕ್ರಮೇಣ ಹಗಲಿನ ಇನ್ನೊಂದು ಪಾಳಿಯಾಗಿಬಿಟ್ಟಿದೆ.

ಒಳಗಿನ ಈ ಸದ್ದುಗಳಲ್ಲಿ ಬಿಡಿಸಿ ನೋಡಬೇಕಾದದ್ದು ಅಲಾರಂ. ರೋಗಿಯ ಬೆರಳಿಗೆ ಕಚ್ಚಿಸಿರುವ ಪುಟ್ಟ ಸಂವೇದಕ ಕೆಂಪು ಬೆಳಕನ್ನೂ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನೂ ಬೆರಳಿನ ಮೂಲಕ ಹಾಯಿಸಿ, ರಕ್ತ ಎಷ್ಟು ಹೀರಿಕೊಂಡಿತೆಂಬುದರಿಂದ ಆಮ್ಲಜನಕದ ಪ್ರಮಾಣವನ್ನು ಲೆಕ್ಕ ಹಾಕುತ್ತದೆ. ಎಸಿಯ ತಂಪಿಗೆ ಬೆರಳು ತಣ್ಣಗಾಗಿ ರಕ್ತದ ಹರಿವು ಕುಗ್ಗಿದರೆ, ಅದೇ ತೋಳಿಗೆ ಕಟ್ಟಿದ ಬಿಪಿ ಪಟ್ಟಿ ಉಬ್ಬಿ ರಕ್ತನಾಳವನ್ನು ಒತ್ತಿದರೆ, ರೋಗಿ ಹೊದಿಕೆ ಎಳೆದುಕೊಳ್ಳಲು ಕೈ ಅಲುಗಿಸಿದರೆ ಅಂಕಿ 97ರಿಂದ ಸರ್ರನೆ 84ಕ್ಕೆ ಇಳಿದಂತೆ ತೋರುತ್ತದೆ. ಮಿತಿಯನ್ನು 90ಕ್ಕೆ ಇಟ್ಟಿದ್ದರೆ ಯಂತ್ರ ಕೂಗುತ್ತದೆ. ರೋಗಿಗೆ ಏನೂ ಆಗಿರುವುದಿಲ್ಲ. ಹತ್ತು ಹದಿನೈದು ಸೆಕೆಂಡಿನಲ್ಲಿ ಅಂಕಿ ತಾನಾಗಿಯೇ ಮೇಲೇರುತ್ತದೆ. ಅಷ್ಟರಲ್ಲಿ ಆತ ಎಚ್ಚರಗೊಂಡಿರುತ್ತಾನೆ, ಪಕ್ಕದ ಹಾಸಿಗೆಯವನೂ ಎಚ್ಚರಗೊಂಡಿರುತ್ತಾನೆ, ಸಿಸ್ಟರ್ ಬಂದು ಗುಂಡಿ ಒತ್ತಿ ಹೋಗಿರುತ್ತಾರೆ. ಸ್ವಲ್ಪ ಹೊತ್ತಿಗೆ ಬಿಪಿ ಪಟ್ಟಿ ಮತ್ತೆ ಉಬ್ಬುತ್ತದೆ. ಸಂವೇದಕವನ್ನು ಇನ್ನೊಂದು ಕೈಗೆ ಬದಲಾಯಿಸಿದ್ದರೆ ಇದು ನಡೆಯುತ್ತಲೇ ಇರಲಿಲ್ಲ.

ಯಾವ ಅಲಾರಂ ಹೇಗೆ ಕೂಗಬೇಕೆಂಬುದಕ್ಕೆ ಅಂತರರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗದ ಮಾನದಂಡವಿದೆ. ಪ್ರಾಣಕ್ಕೆ ಕೂಡಲೇ ಅಪಾಯವಿದ್ದರೆ ಐದೈದರ ಎರಡು ಗುಂಪಾಗಿ ಹತ್ತು ಸ್ವರಗಳು ಮತ್ತು ಮಿನುಗುವ ಕೆಂಪು ದೀಪ. ಬೇಗ ಗಮನಿಸಬೇಕಾದುದಕ್ಕೆ ಮೂರು ಸ್ವರಗಳು ಮತ್ತು ಹಳದಿ ದೀಪ. ಬರಿಯ ತಿಳಿವಳಿಕೆಗೆ ಒಂದೆರಡು ಸ್ವರ. ಕಾಗದದ ಮೇಲೆ ಇದು ಅಚ್ಚುಕಟ್ಟಾದ ವ್ಯವಸ್ಥೆ. ಆದರೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್‌ಫ್ರಾನ್ಸಿಸ್ಕೊ ಆಸ್ಪತ್ರೆಯಲ್ಲಿ 77 ಹಾಸಿಗೆಗಳ ಮಾನಿಟರುಗಳನ್ನು 31 ದಿನ ದಾಖಲಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಟ್ಟು ಎಚ್ಚರಿಕೆಗಳ ಸಂಖ್ಯೆ 25 ಲಕ್ಷ ಮೀರಿತ್ತು. ಕಿವಿಗೆ ಕೇಳಿಸುವಂಥವೇ ಹಾಸಿಗೆಯೊಂದಕ್ಕೆ ದಿನಕ್ಕೆ 187. ಹೃದಯ ಬಡಿತದ ಏರುಪೇರು ಸೂಚಿಸಿದ ಹನ್ನೆರಡು ಸಾವಿರಕ್ಕೂ ಹೆಚ್ಚು ಅಲಾರಂಗಳನ್ನು ತಜ್ಞರು ಒಂದೊಂದಾಗಿ ಪರಿಶೀಲಿಸಿದಾಗ ಶೇಕಡ 88.8ರಷ್ಟು ಸುಳ್ಳೆಂದು ಕಂಡುಬಂತು. ಹಳೆ ಮದ್ರಾಸ್ ರಸ್ತೆಯಲ್ಲಿ ದಿನವಿಡೀ ಗಾಡಿ ಓಡಿಸುವವನು ಹಿಂದಿನ ಹಾರನ್ನಿಗೆ ತಿರುಗಿ ನೋಡುವುದನ್ನು ಬಿಡುವಂತೆಯೇ, ಇಂಥ ಕೋಣೆಯಲ್ಲಿ ವರ್ಷಗಟ್ಟಲೆ ದುಡಿಯುವವರ ಕಿವಿಯೂ ಕೂಗಿಗೆ ಒಗ್ಗಿಹೋಗುತ್ತದೆ. ಅಲಾರಂ ದಣಿವು ಎಂದು ವೈದ್ಯಕೀಯದಲ್ಲಿ ಹೆಸರಾಗಿರುವ ಈ ಸ್ಥಿತಿಯನ್ನು ದಾದಿಯರ ಉದಾಸೀನವೆಂದು ಕರೆಯುವುದು ಅನ್ಯಾಯ. ಹತ್ತರಲ್ಲಿ ಒಂಬತ್ತು ಸಲ ಸುಳ್ಳು ಹೇಳುವ ಯಂತ್ರವನ್ನು ಹತ್ತನೆಯ ಸಲ ನಂಬದಿರುವುದು ಮನುಷ್ಯ ಮಿದುಳಿನ ಸಹಜ ನಡೆ, ಮತ್ತು ಆ ಹತ್ತನೆಯದೇ ಪ್ರಾಣ ಉಳಿಸಬೇಕಾದ ಕೂಗಾಗಿರಬಹುದು. ರೋಗಿಯ ಶಾಂತಿಗೂ ರೋಗಿಯ ಸುರಕ್ಷೆಗೂ ನಡುವೆ ಒಂದನ್ನು ಆರಿಸಿಕೊಳ್ಳಬೇಕೆಂಬ ಸಾಮಾನ್ಯ ನಂಬಿಕೆ ಇಲ್ಲಿ ನಿಲ್ಲುವುದಿಲ್ಲ. ಕಡಿಮೆ ಕೂಗುವ ಘಟಕದಲ್ಲಿ ನಿಜವಾದ ಕೂಗು ಹೆಚ್ಚು ಕೇಳಿಸುತ್ತದೆ.

ನಿದ್ದೆಯ ವಿಷಯದಲ್ಲಿ ಉತ್ಪ್ರೇಕ್ಷೆ ಸಲ್ಲದು. ತೀವ್ರ ನಿಗಾ ಘಟಕದ ರೋಗಿಗಳ ಮಿದುಳಿನ ಅಲೆಗಳನ್ನು ದಾಖಲಿಸಿದಾಗ ಅವರ ನಿದ್ದೆ ಚೂರುಚೂರಾಗಿ ಹಗಲು ರಾತ್ರಿಗಳಿಗೆ ಹಂಚಿಹೋಗಿರುವುದು, ಗಾಢನಿದ್ದೆಯೂ ಕನಸಿನ ನಿದ್ದೆಯೂ ತೀರ ಕಡಿಮೆಯಿರುವುದು ಕಾಣುತ್ತದೆ. ಆದರೆ ಟೊರಾಂಟೊದಲ್ಲಿ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ರೋಗಿಗಳು ಎಚ್ಚರಗೊಂಡ ಸಂದರ್ಭಗಳಲ್ಲಿ ಸದ್ದಿನಿಂದಾದವು ಸುಮಾರು ಐದರಲ್ಲೊಂದು ಭಾಗ ಮಾತ್ರ. ನೋವು, ಔಷಧ, ರೋಗ, ವೆಂಟಿಲೇಟರಿನೊಂದಿಗಿನ ಉಸಿರಿನ ಗುದ್ದಾಟ, ಆರದ ದೀಪ, ನಡುರಾತ್ರಿಯ ರಕ್ತ ಪರೀಕ್ಷೆ ಇವೆಲ್ಲ ಉಳಿದ ಪಾಲನ್ನು ಹಂಚಿಕೊಳ್ಳುತ್ತವೆ. ಹಾಗೆಂದು ಐದರಲ್ಲೊಂದು ಸಣ್ಣದಲ್ಲ. ರೋಗವನ್ನು ಒಂದು ರಾತ್ರಿಯಲ್ಲಿ ತೆಗೆಯಲಾಗದು, ಸದ್ದನ್ನು ತೆಗೆಯಬಹುದು.

ನಿದ್ದೆಗೆಟ್ಟ, ಹಗಲು ರಾತ್ರಿಗಳ ಗುರುತು ಕಳೆದುಕೊಂಡ ರೋಗಿಗಳಲ್ಲಿ, ಅದರಲ್ಲೂ ವಯಸ್ಸಾದವರಲ್ಲಿ, ಜನ ಸನ್ನಿಯೆಂದು ಕರೆಯುವ ಬುದ್ಧಿಭ್ರಮೆ ಕಾಣಿಸಿಕೊಳ್ಳುವುದುಂಟು. ಇರುವ ಜಾಗ ತಿಳಿಯದೆ ಬಡಬಡಿಸುವುದು, ಕೊಳವೆ ಕೀಳಲು ಹೋಗುವುದು ಅದರ ಒಂದು ರೂಪ. ಮಾತೇ ಇಲ್ಲದೆ ಮಂಕಾಗಿ ಬಿದ್ದಿರುವುದು ಇನ್ನೊಂದು, ಮತ್ತು ಈ ಎರಡನೆಯದು ಎಷ್ಟೋ ಸಲ ಯಾರ ಗಮನಕ್ಕೂ ಬರುವುದಿಲ್ಲ. ಬೆಂಗಳೂರಿನ ಪೂರ್ವಭಾಗಕ್ಕೆ ಇಲ್ಲಿ ತನ್ನದೇ ಆದ ಒಂದು ಸೂಕ್ಷ್ಮವಿದೆ. ಶಿವಾಜಿನಗರ, ಹಲಸೂರುಗಳ ಮನೆಗಳಲ್ಲಿ ದಖನಿ ಉರ್ದು, ತಮಿಳು, ಕನ್ನಡ, ತೆಲುಗು ಮಾತುಗಳು ಒಂದೇ ಬೀದಿಯಲ್ಲಿ ಕೂಡಿ ಬಾಳುತ್ತವೆ. ಆಸ್ಪತ್ರೆಯ ಹಾಸಿಗೆಯ ಬಳಿ ಇವುಗಳ ಜೊತೆಗೆ ದಾದಿಯರ ಮಲಯಾಳ, ವೈದ್ಯರ ಇಂಗ್ಲಿಷ್, ಸಿಬ್ಬಂದಿಯ ಹಿಂದಿ ಸೇರುತ್ತವೆ. ಕಿವಿ ಮಂದವಾದ ವೃದ್ಧೆಗೆ, ಅವರ ಶ್ರವಣಯಂತ್ರವನ್ನು ಕಳೆದುಹೋದೀತೆಂದು ಮನೆಯವರ ಕೈಗೆ ಕೊಟ್ಟು ಕಳಿಸಿದ ಮೇಲೆ, ಈ ಮಾತುಗಳೆಲ್ಲ ಅರ್ಥವಿಲ್ಲದ ಗದ್ದಲವಾಗಿ ಕೇಳುತ್ತವೆ. ತನ್ನ ಮಾತಿನಲ್ಲಿ, ತನ್ನ ಹೆಸರು ಹಿಡಿದು, ‘ಅಮ್ಮಾ, ಈಗ ರಾತ್ರಿ ಹತ್ತು ಗಂಟೆ, ನೀವು ಆಸ್ಪತ್ರೆಯಲ್ಲಿದ್ದೀರಿ, ಮಗ ಹೊರಗೇ ಇದ್ದಾನೆ’ ಎಂದು ಹತ್ತಿರ ಬಂದು ಹೇಳುವ ಒಂದು ದನಿ ಅಳತೆಯ ಉಪಕರಣದಲ್ಲಿ 60 ಡೆಸಿಬೆಲ್ ತೋರಿಸಿದರೂ ಅದು ಚಿಕಿತ್ಸೆಯ ಭಾಗ. ಕನ್ನಡಕ, ಶ್ರವಣಯಂತ್ರಗಳನ್ನು ರೋಗಿಗೆ ಮರಳಿಸಬೇಕೆಂದು ಸನ್ನಿ ತಡೆಯುವ ಮಾರ್ಗಸೂಚಿಗಳು ಹೇಳುವುದೂ ಇದಕ್ಕಾಗಿಯೇ. ಡೆಸಿಬೆಲ್ ಲೆಕ್ಕ ಮಾತ್ರ ನೋಡಿದರೆ ಈ ಭೇದ ತಪ್ಪಿಹೋಗುತ್ತದೆ.

ನವಜಾತ ಶಿಶುಗಳ ಘಟಕದಲ್ಲಿ ಸಮಸ್ಯೆ ಇನ್ನೂ ಮೂಲಭೂತವಾದದ್ದು, ಏಕೆಂದರೆ ತಿಂಗಳು ತುಂಬದೆ ಹುಟ್ಟಿದ ಮಗುವಿನ ಶ್ರವಣ ವ್ಯವಸ್ಥೆ ಅಲ್ಲಿಯೇ ಬೆಳೆಯುತ್ತಿರುತ್ತದೆ. ಅಲ್ಲಿ 45 ಡೆಸಿಬೆಲ್ ಮೀರುವುದು ಕಳವಳಕಾರಿಯೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 1997ರಲ್ಲಿಯೇ ಹೇಳಿತು. ಇನ್‌ಕ್ಯುಬೇಟರಿನ ಮೇಲೆ ಬಾಟಲಿ ಕುಕ್ಕುವುದು, ಅದರ ಪುಟ್ಟ ಬಾಗಿಲನ್ನು ಟಪ್ಪೆಂದು ಮುಚ್ಚುವುದು ಹೊರಗಿನವರಿಗೆ ಸಣ್ಣ ಸದ್ದು. ಪ್ಲಾಸ್ಟಿಕ್ ಪೆಟ್ಟಿಗೆಯ ಒಳಗಿರುವ ಮಗುವಿಗೆ ಅದು ಸಿಡಿಲು.

ಕಟ್ಟಡದ ಪಾತ್ರವನ್ನು ಚಿಕ್ಕದಾಗಿ ಹೇಳಬಹುದು. ಸೋಂಕು ತಡೆಯಲು ನೆಲ, ಗೋಡೆ, ಕಟ್ಟೆಗಳೆಲ್ಲ ತೊಳೆಯಲು ಬರುವ ಗಟ್ಟಿ ನುಣುಪಿನವಾಗಿರಬೇಕಾದ್ದರಿಂದ ಅವು ಸದ್ದನ್ನು ಹೀರದೆ ಹಿಂದಕ್ಕೆಸೆಯುತ್ತವೆ, ಒಂದು ಮೂಲೆಯ ಅಲಾರಂ ಇನ್ನೊಂದು ಮೂಲೆಯಲ್ಲಿ ಮೊಳಗುತ್ತದೆ. ತೊಳೆಯಬಹುದಾದ, ಆದರೂ ಸದ್ದು ಹೀರುವ ಸೀಲಿಂಗ್ ಹಲಗೆಗಳು ಈಗ ಸಿಗುತ್ತವೆ. ಒಬ್ಬೊಬ್ಬರಿಗೆ ಒಂದೊಂದು ಕೋಣೆ ಕೊಡುವುದು ಉತ್ತಮ. ಸರ್ಕಾರಿ ಆಸ್ಪತ್ರೆಗಳಲ್ಲಿ ಅದು ಸದ್ಯಕ್ಕೆ ಸಾಧ್ಯವಾಗುವ ಮಾತಲ್ಲ.

ಸಾಧ್ಯವಾಗುವುದು ಬೇರೆ ಬಗೆಯದು, ಅಗ್ಗದ್ದೂ ಹೌದು. ಮಾನಿಟರನ್ನು ಕೊಂಡ ದಿನ ಕಂಪನಿಯವರು ಇಟ್ಟುಹೋದ ಮಿತಿಗಳನ್ನೇ ಎಲ್ಲ ರೋಗಿಗಳಿಗೂ ಬಳಸದೆ, ಪ್ರತಿದಿನದ ರೌಂಡ್ಸ್‌ನಲ್ಲಿ ಆಯಾ ರೋಗಿಗೆ ತಕ್ಕಂತೆ ಅವನ್ನು ಬದಲಿಸುವುದು, ಎದೆಗೆ ಅಂಟಿಸಿದ ಇಸಿಜಿ ಪಟ್ಟಿಗಳನ್ನು ದಿನಕ್ಕೊಮ್ಮೆ ಚರ್ಮ ಒರೆಸಿ ಹೊಸದಾಗಿ ಹಾಕುವುದು, ಸಿರಿಂಜ್ ಮುಗಿಯುವ ಮೊದಲೇ ಬದಲಿಯನ್ನು ಸಿದ್ಧವಿಡುವುದು, ಈ ಮೂರರಿಂದಲೇ ಸುಳ್ಳು ಕೂಗುಗಳು ಗಣನೀಯವಾಗಿ ಇಳಿಯುತ್ತವೆ. ಬೆಲ್ಜಿಯಂನ ಆಂಟ್‌ವರ್ಪ್‌ನಲ್ಲಿ 136 ರೋಗಿಗಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ರಾತ್ರಿ ಕಿವಿಗೆ ಮೆತ್ತನೆಯ ಬೆಣೆ ಇಟ್ಟವರಲ್ಲಿ ಮನಸ್ಸಿನ ಗೊಂದಲ ಕಡಿಮೆಯಿತ್ತು. ಕೆಲವೇ ರೂಪಾಯಿಯ ವಸ್ತುವಿದು. ಆದರೂ ಒಪ್ಪಿಗೆ ಕೇಳದೆ, ಮೊದಲೇ ದಿಕ್ಕು ತಪ್ಪಿದ ವೃದ್ಧರ ಕಿವಿಗೆ ಅದನ್ನು ತುರುಕಿದರೆ ಭಯವೇ ಹೆಚ್ಚೀತು. ಇದೆಲ್ಲಕ್ಕೂ ಕೈಗಳು ಬೇಕು. ವೆಂಟಿಲೇಟರಿನಲ್ಲಿರುವ ರೋಗಿಯೊಬ್ಬರಿಗೆ ಒಬ್ಬ ದಾದಿ ಇರಬೇಕೆಂಬ ತತ್ತ್ವವನ್ನು ಎಲ್ಲರೂ ಒಪ್ಪುತ್ತಾರೆ. ಒಬ್ಬರೇ ಮೂವರನ್ನು ನೋಡಿಕೊಳ್ಳುವ ಕಡೆ ಅಲಾರಂ ಆರಿಸುವುದಕ್ಕೂ ಹಾಸಿಗೆಯಿಂದ ಹಾಸಿಗೆಗೆ ಓಡಬೇಕಾಗುತ್ತದೆ, ಮತ್ತು ಅಲ್ಲಿ ಸದ್ದಿನ ಮಟ್ಟವೆಂಬುದು ಸಿಬ್ಬಂದಿಯ ಕೊರತೆಯ ಅಳತೆಯೂ ಆಗಿರುತ್ತದೆ.

ಘಟಕದ ಬಾಗಿಲ ಹೊರಗೆ, ಮೆಟ್ಟಿಲಿನ ತಿರುವಿನಲ್ಲಿ ಚಾಪೆ ಹಾಸಿ ಕುಳಿತಿರುವ ಮನೆಯವರನ್ನೂ ಈ ಲೆಕ್ಕದಿಂದ ಬಿಡಲಾಗದು. ರೋಗಿಯ ಹೆಸರು ಹಿಡಿದು ‘ಅಟೆಂಡರ್ ಬನ್ನಿ’ ಎಂದು ಭದ್ರತಾ ಸಿಬ್ಬಂದಿ ಕೂಗುವ ಕೂಗು ಬಾಗಿಲ ಎರಡೂ ಬದಿಗೆ ಕೇಳುತ್ತದೆ: ಹೊರಗಿರುವವರ ಎದೆ ಧಸಕ್ಕೆನ್ನುತ್ತದೆ, ಒಳಗಿರುವ ರೋಗಿಯೂ ತನ್ನ ಹೆಸರನ್ನು ಕೇಳಿ ತನಗೇನೋ ಆಯಿತೆಂದು ಗಾಬರಿಯಾಗುತ್ತಾನೆ. ಮನೆಯವರ ಮೊಬೈಲ್ ಸಂಖ್ಯೆಯನ್ನು ಕಡತದ ಮೇಲೆ ಬರೆದಿಟ್ಟುಕೊಂಡು ಕರೆ ಮಾಡಿದರೆ ಆ ಕೂಗು ಅಲ್ಲಿಗೇ ಇಲ್ಲವಾಗುತ್ತದೆ. ಇನ್ನು ಒಳಗಿನ ಸದ್ದನ್ನು ಅಳೆಯಲು ಮಂಡಳಿಯ ದುಬಾರಿ ಕೇಂದ್ರವೇನೂ ಬೇಕಿಲ್ಲ. ಕೈಯಲ್ಲಿ ಹಿಡಿಯುವ ಸಾಧಾರಣ ಶಬ್ದಮಾಪಕವನ್ನು ರೋಗಿಯ ತಲೆಯ ಎತ್ತರದಲ್ಲಿ ಒಂದು ವಾರ ಇಟ್ಟು, ಗಂಟೆಗಂಟೆಯ ಅಳತೆಯನ್ನು ಪಾಳಿಯ ಪುಸ್ತಕದಲ್ಲಿ ಬರೆದುಕೊಂಡರೆ ಯಾವ ಹೊತ್ತಿನಲ್ಲಿ ಏನು ಕೂಗುತ್ತಿದೆ ಎಂಬುದು ಸಾಕಷ್ಟು ತಿಳಿಯುತ್ತದೆ. ಬೌರಿಂಗ್, ಸಿ.ವಿ. ರಾಮನ್ ಸಾರ್ವಜನಿಕ ಆಸ್ಪತ್ರೆ ಮತ್ತು ಪೂರ್ವಭಾಗದ ಖಾಸಗಿ ಆಸ್ಪತ್ರೆಗಳು ಇಂಥ ಒಂದು ವಾರದ ಅಳತೆಯನ್ನು ಸಾರ್ವಜನಿಕರ ಮುಂದಿಟ್ಟರೆ ಹೊರಗಿನ ಹಾರನ್ನಿನ ಬಗ್ಗೆ ನಗರ ನಡೆಸುತ್ತಿರುವ ಮಾತುಕತೆಗೆ ಒಳಗಿನ ಅಂಕಿಗಳೂ ಸೇರುತ್ತವೆ.